ಸಿಹಿನೀರು

ನಮ್ಮ ಕರಾವಳಿಯಲ್ಲಿ ಉಪ್ಪಿಲ್ಲದ ನೀರಿಗೆ ಸಿಹಿನೀರು ಅನ್ನುತ್ತೇವೆ. ಅದರಲ್ಲಿ ಬೆಲ್ಲ ಕರಗಿದೆಯೆಂದು ಯಾರೂ ತಿಳಿಯುವುದಿಲ್ಲ. ಮುಂಬೈಯಲ್ಲೂ ಹಾಗೇ, 'ಮೀಠಾ ಪಾನಿ' ಅಂದರೆ ಉಪ್ಪಲ್ಲದ್ದು, ಅಷ್ಟೇ.

2006ರ ಆಗಸ್ಟ್ 18ರ ರಾತ್ರಿ ಮಾತ್ರ ಈ ಮಾತಿನ ಅರ್ಥವೇ ಬದಲಾಯಿತು. ಮಾಹಿಮ್‌ನಲ್ಲಿ ಸಮುದ್ರ ಸಿಹಿಯಾಗಿದೆಯಂತೆ! ಸಾವಿರಾರು ಜನ ಓಡಿದರು. ಕುಡಿದರು, ಮಕ್ಕಳಿಗೂ ಕುಡಿಸಿದರು, ಬಾಟಲಿ ತುಂಬಿಕೊಂಡರು. ದರ್ಗಾದ ಸಂತರ ಪವಾಡ ಅಂದರು ಕೆಲವರು. ಊರಿನ ಕೊಳಚೆಯನ್ನೆಲ್ಲ ಹೊತ್ತು ಮೀಠಿ ನದಿ ಕಡಲು ಸೇರುವುದು ಅಲ್ಲೇ. ಕುಡಿಯಬೇಡಿ ಎಂದು ಅಧಿಕಾರಿಗಳು ಹೇಳಿದ್ದನ್ನು ಕೇಳುವವರು ಕಡಿಮೆ.

ಬೆಳಿಗ್ಗೆ ಪಕ್ಕದ ಮನೆಯ ಮೌಶಿ ಒಂದು ಬಾಟಲಿ ತಂದರು. "ಮಗುವಿಗೆ ಜ್ವರ ಅಂದಿದ್ದೆಯಲ್ಲ, ಒಂದು ಚಮಚ ಕುಡಿಸು."

ನಾನು ನಕ್ಕುಬಿಟ್ಟೆ. "ಎಲ್ಲಾ ಸುಳ್ಳು ಮೌಶಿ, ಇದು ಗಟಾರದ ನೀರು."

"ನಾನು ಕುಡಿದು ನೋಡಿದೆ. ನೀನು ನೋಡಿದೆಯಾ?" ಅಂದವರೇ ಬಾಟಲಿ ಎತ್ತಿಕೊಂಡು ಹೊರಟುಹೋದರು. ಅವರ ಮನೆಯಲ್ಲೂ ಪುಟ್ಟ ಮೊಮ್ಮಗನಿದ್ದ. ಅವನಿಗೆ ಕುಡಿಸಿದರೋ ಏನೋ, ಕೇಳುವ ಮುಖ ನನಗಿರಲಿಲ್ಲ.

ಮೌಶಿಯ ನಾಲಿಗೆ ಸುಳ್ಳು ಹೇಳಿರಲಿಲ್ಲ. ಮಳೆಗಾಲದಲ್ಲಿ ನದಿ ತರುವ ನೀರು ಉಪ್ಪುನೀರಿಗಿಂತ ಹಗುರ. ಅದು ಮೇಲೆಯೇ ತೇಲುತ್ತದೆ. ಬೊಗಸೆಗೆ ಸಿಕ್ಕಿದ್ದು ಅದೇ. ಉಪ್ಪಿಲ್ಲ ಎಂಬುದು ನಿಜ. ಉಪ್ಪಿಲ್ಲದ್ದು ಸಿಹಿಯಾಯಿತು, ಸಿಹಿಯಾದದ್ದು ಶುದ್ಧವಾಯಿತು, ಶುದ್ಧವಾದದ್ದು ಔಷಧಿಯಾಯಿತು. ತಪ್ಪು ಸುದ್ದಿ ಬೆಳೆಯುವುದು ಹೀಗೆ, ಒಂದು ನಿಜದ ಹೆಗಲೇರಿ. ನಾನು ಆ ನಿಜವನ್ನೂ ಸೇರಿಸಿ ಸುಳ್ಳೆಂದೆ. ತನ್ನ ನಾಲಿಗೆಯನ್ನೇ ನಂಬಬೇಡ ಎನ್ನುವವನ ಮಾತನ್ನು ಯಾರು ನಂಬುತ್ತಾರೆ?

ಇನ್ನೊಂದು ವಿಷಯವಿದೆ. ಪರವೂರಿನಲ್ಲಿ ನಮಗೆ ಹೊತ್ತಿಗಾದವರು ಮೌಶಿ. ಆ ನೀರು ಬಂದದ್ದೂ ಅದೇ ಪ್ರೀತಿಯ ಕೈಯಲ್ಲಿ. ಜನ ಸುದ್ದಿಯನ್ನು ತೂಗಿ ನೋಡುವುದಕ್ಕೆ ಮೊದಲು ತಂದವರ ಮುಖ ನೋಡುತ್ತಾರೆ. ಹಾಗಿರುವಾಗ ವಿಜ್ಞಾನ ಹೇಳುವವನಿಗೆ ಸರಿಯಾದ ಉತ್ತರ ಗೊತ್ತಿದ್ದರೆ ಸಾಕೇ? ಸಾಲದು ಎಂದು ನನಗೀಗ ಅನ್ನಿಸುತ್ತದೆ. ಕೇಳುವವರ ಪಕ್ಕ ಕೂತು ಹೇಳುವುದೂ ಅವನ ಕರ್ತವ್ಯವೇ.

"ಹೌದು ಮೌಶಿ, ಉಪ್ಪಿಲ್ಲ. ಯಾಕೆ ಗೊತ್ತಾ?" ಎಂದು ಶುರುಮಾಡಿದ್ದರೆ ಆ ಬಾಟಲಿ ನಮ್ಮ ಮನೆಯಲ್ಲೇ ಉಳಿಯುತ್ತಿತ್ತೇನೋ. ಅಂದು ನನ್ನ ಮಾತು ಸರಿಯಿತ್ತು. ಆದರೆ ಆ ಮಗುವಿಗೆ ಅದರಿಂದ ಏನು ಉಪಯೋಗವಾಯಿತು?