ಹಾಸ್ಟೆಲ್ ಡೇ

ಹುಡುಗಿಯರ ಹಾಸ್ಟೆಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಹಾಡು, ಕುಣಿತ, ಹೋಳಿಗೆ ಊಟದಿಂದ ಕಲಿಕೆಯೂ ಆಗಬೇಕೆ, ಇಲ್ಲಾ ಸಂತೋಷವೊಂದೇ ಸಾಕೆ? ಕಾಲೇಜು ಹಾಸ್ಟೆಲಿನ ವಾರ್ಡನ್ ಆಗಿರುವ ನನ್ನ ಗೆಳತಿಗೂ ನನಗೂ ಈ ವಿಷಯದಲ್ಲಿ ಒಮ್ಮತವಿಲ್ಲ. ಕಾರ್ಯಕ್ರಮಕ್ಕೆ ‘ಶೈಕ್ಷಣಿಕ ಮೌಲ್ಯ’ ಇರಬೇಕು ಎಂಬುದು ಅವಳ ಹಟ. ಅದಕ್ಕೇ ರಂಗೋಲಿ ಸ್ಪರ್ಧೆಗೆ ಪರಿಸರ ಸಂರಕ್ಷಣೆಯ ವಿಷಯ ಕೊಡುತ್ತಾಳೆ, ಅಂತ್ಯಾಕ್ಷರಿಯ ನಡುವೆ ರಸಪ್ರಶ್ನೆ ತೂರಿಸುತ್ತಾಳೆ, ಕೊನೆಗೆ ನನ್ನಂಥವಳನ್ನು ಕರೆಸಿ ಭಾಷಣ ಮಾಡಿಸುತ್ತಾಳೆ. ಎದುರಿಗೆ ಕೂತವರು ಮುಡಿದ ಮಲ್ಲಿಗೆ ಬಾಡುತ್ತಿರುತ್ತದೆ, ಅಡಿಗೆಮನೆಯಿಂದ ಘಮ ಬರುತ್ತಿರುತ್ತದೆ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಯಾವ ಕಿವಿ ಕೇಳುತ್ತಿಲ್ಲ ಎಂದು ಗೊತ್ತಾಗದೆ ಇರುತ್ತದೆಯೆ?

ಹಾಗೆಂದು ‘ಖುಷಿಯಾಗಿರಲಿ ಬಿಡಿ’ ಎಂದು ಸುಮ್ಮನಾಗಲೂ ಮನಸ್ಸು ಬಾರದು. ಹಿಂದೆ ಓದುವ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾರ ಮನೆಯಲ್ಲಿ ಯಾರು ಉಣ್ಣಬಹುದೆಂದು ಜಾತಿ ತೀರ್ಮಾನಿಸುತ್ತಿತ್ತು. ಹೆಣ್ಣುಮಕ್ಕಳಿಗೆ ಆ ಅನ್ನವೂ ಇರಲಿಲ್ಲವೆನ್ನಿ. ಈಗ ಹಾಸ್ಟೆಲಿನ ಕೋಣೆಯಲ್ಲಿ ಮೂರು ಮಂಚ, ಮೂರು ಊರು, ಮೂರು ಮನೆಯ ಅಭ್ಯಾಸ. ಬೇರೆಯವರ ಜೊತೆ ಬದುಕುವುದನ್ನು ನಮ್ಮ ಹುಡುಗಿಯರು ಕಲಿಯುವುದೇ ಅಲ್ಲಿ.

ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ತಂದ ನಿಯಮಾವಳಿಯಲ್ಲಿ, ಹಿರಿಯ ಕಿರಿಯ ವಿದ್ಯಾರ್ಥಿಗಳು ಬೆರೆಯುವಂತೆ ಸಾಂಸ್ಕೃತಿಕ ಚಟುವಟಿಕೆ, ಕ್ರೀಡೆ ಏರ್ಪಡಿಸಬೇಕೆಂದಿದೆ. ಅಧ್ಯಾಪಕರು ಸಾಧ್ಯವಾದಷ್ಟೂ ಹಾಸ್ಟೆಲಿನವರ ಜೊತೆ ಊಟ ಮಾಡಬೇಕೆಂದೂ ಇದೆ. ಈ ಕೊನೆಯ ಮಾತು ನನಗೆ ಬಲು ಹಿಡಿಸಿತು. ವೇದಿಕೆಯಿಂದ ಕಾಣದ್ದು ಪಂಕ್ತಿಯಲ್ಲಿ ಕಾಣುತ್ತದೆ.

ಗೆಳತಿಯ ಹಾಸ್ಟೆಲಿನಲ್ಲಿ ಹಾಗೆ ಕೂತಾಗ ನನ್ನ ಪಕ್ಕದ ಎಲೆ ಖಾಲಿಯಿತ್ತು. ಕೇಳಿದರೆ, “ಅವಳಿಗೆ ತಲೆನೋವು ಮೇಡಂ” ಎಂದರು. ಮೇಲಿನ ಕೋಣೆಗಳಲ್ಲಿ ಇನ್ನೂ ನಾಲ್ಕು ತಲೆನೋವುಗಳಿದ್ದವು. ಹಾಸ್ಟೆಲ್ ಡೇ ಚಂದಾ ತಲಾ 300 ರೂಪಾಯಿ. ಕೊಡಲಾಗದವಳು ಕೊಡಲಾಗದು ಎನ್ನುವುದಿಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಾಳೆ. ಮದುವೆಗೆ ಉಡಲು ಒಳ್ಳೆಯ ಸೀರೆಯಿಲ್ಲದಾಗ ಈ ತಲೆನೋವು ನಮ್ಮಲ್ಲಿ ಎಷ್ಟು ಜನಕ್ಕೆ ಬಂದಿಲ್ಲ!

ಮರುವರ್ಷ ಹುಡುಗಿಯರಲ್ಲೇ ಚರ್ಚೆ ಎದ್ದಿತು. ಮುಚ್ಚಿದ ಡಬ್ಬಿ ಇಡೋಣ, ಆದಷ್ಟು ಹಾಕಲಿ ಎಂದಳು ಬಿ.ಕಾಂ. ಓದುವವಳೊಬ್ಬಳು. ಉಳ್ಳವರೂ ಕಡಿಮೆ ಹಾಕಿದರೆ ಎಂದು ಇನ್ನೊಬ್ಬಳು ಕೇಳಿದಳು. ಅದೂ ನ್ಯಾಯವಾದ ಪ್ರಶ್ನೆಯೇ. ಕಷ್ಟದಲ್ಲಿರುವವರ ಪಟ್ಟಿ ಮಾಡಿ ರಿಯಾಯಿತಿ ಕೊಡೋಣ ಎಂದು ಮತ್ತೊಬ್ಬಳು. ಆಗ ಮೊದಲ ವರ್ಷದ ಹುಡುಗಿಯೊಬ್ಬಳು, “ಆ ಪಟ್ಟಿಗಿಂತ ತಲೆನೋವೇ ವಾಸಿ ಅಕ್ಕಾ” ಎಂದುಬಿಟ್ಟಳಂತೆ.

ಗೆಳತಿ ಗಾಬರಿಯಾಗಿ ಫೋನು ಮಾಡಿದಳು: “ಜಗಳ ಜೋರಾಗಿದೆ ಕಣೇ, ನಾನೇ ಒಂದು ತೀರ್ಮಾನ ಹೇಳಿಬಿಡಲಾ?” ಬೇಡವೇ ಬೇಡ ಎಂದೆ. ಎಲ್ಲರಿಂದ ಸಮ ವಸೂಲಿ ಮಾಡುವುದು ನ್ಯಾಯವೋ, ಕೈಲಾದಷ್ಟು ಪಡೆಯುವುದು ನ್ಯಾಯವೋ? ನಾನಾದರೆ ಎಂಟನೇ ತರಗತಿಗೆ ಸಮಾನತೆಯನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸುತ್ತೇನೆ. ಅವರು ಎರಡು ರಾತ್ರಿ ಜಗ್ಗಾಡಿದರು. ಸಹಾಯ ಪಡೆಯುವವಳ ಮಾನ ಎಂಬುದೊಂದಿದೆ ಎಂದು ನಾನು ಮೈಕಿನಲ್ಲಿ ಹೇಳಿದ್ದರೆ ಆಕಳಿಸುತ್ತಿದ್ದರು. ಜೊತೆಯಲ್ಲಿ ಮಲಗೇಳುವವಳ ಬಾಯಲ್ಲಿ ಬಂದಾಗ ಕೋಣೆಯೇ ಸ್ತಬ್ಧವಾಯಿತಂತೆ. ಈ ಜಗಳಕ್ಕೆ ಬೆಲೆಯೂ ಉಂಟು. ಒಂದೇ ಕೋಣೆಯ ಇಬ್ಬರು ಆಮೇಲೆ ಮಾತು ಬಿಟ್ಟರು. ಅದನ್ನು ನಾನು ಹಗುರವಾಗಿ ಹೇಳಲಾರೆ.

ಕೊನೆಗೆ ಡಬ್ಬಿಯೇ ಗೆದ್ದಿತು. ದುಡ್ಡು ಕಡಿಮೆ ಬಿತ್ತು. ಆರ್ಕೆಸ್ಟ್ರಾ ಬಿಟ್ಟು ತಾವೇ ಹಾಡಿದರು, ಹೋಳಿಗೆಯ ಬದಲು ಕೇಸರಿಬಾತ್ ಆಯಿತು. ಬಿ.ಕಾಂ. ಹುಡುಗಿ ಲೆಕ್ಕ ಬರೆದು ಮೆಸ್ಸಿನ ಬಾಗಿಲಿಗೆ ಅಂಟಿಸಿದಳು. ಅದರಲ್ಲಿ 40 ರೂಪಾಯಿ ಉಳಿದಿತ್ತು. ಅದನ್ನೇನು ಮಾಡಬೇಕೆಂದು ಮತ್ತೆ ಶುರುವಾಗಿದೆ ಎಂದು ಗೆಳತಿ ಗೊಣಗಿದಳು.