ಲೆಕ್ಕಕ್ಕುಂಟು, ಆಟಕ್ಕಿಲ್ಲ

ಚೆಸ್ಸು ಆಟ. ಕುಂಟೆಬಿಲ್ಲೆ ಆಟ. ಕರಾವಳಿ ಕಡೆಯವರಿಗೆ ರಾತ್ರಿಯಿಡೀ ನಡೆಯುವ ಯಕ್ಷಗಾನವೂ ಆಟವೇ. ಮಗುವೊಂದು ತನ್ನಷ್ಟಕ್ಕೆ ಕೂತು ಮರಳಲ್ಲಿ ಗುಡ್ಡೆ ಕಟ್ಟುತ್ತಿದ್ದರೆ, "ಆಡ್ಕೊಳ್ತಾ ಇದೆ ಬಿಡಿ" ಅಂತೀವಿ. ಇಂಗ್ಲಿಷಿನವರು ಗೇಮ್ ಬೇರೆ, ಪ್ಲೇ ಬೇರೆ ಅಂತ ಎರಡು ಪದ ಇಟ್ಟುಕೊಂಡಿದ್ದಾರೆ. ನಮಗೆ ಒಂದೇ ಸಾಕಾಗಿದೆ. ಸರಿ, ಇವೆಲ್ಲದರಲ್ಲೂ ಇರುವ ಒಂದೇ ಒಂದು ಗುಣ ಯಾವುದು ಹೇಳಿ ನೋಡೋಣ?

ಅಂಥದ್ದು ಯಾವುದೂ ಇಲ್ಲ ಅಂದವನು ವಿಟ್‌ಗೆನ್‌ಸ್ಟೈನ್. 1953ರಲ್ಲಿ, ಅವನು ತೀರಿಕೊಂಡ ಮೇಲೆ ಬಂದ ಪುಸ್ತಕದಲ್ಲಿ ಇದಕ್ಕೆ ಒಂದು ಮನೆಯವರ ಹೋಲಿಕೆ ಕೊಡುತ್ತಾನೆ. ಅಣ್ಣನಿಗೆ ಅಪ್ಪನ ಮೂಗು, ತಂಗಿಗೆ ಅಜ್ಜಿಯ ನಗು. ಎಲ್ಲರಲ್ಲೂ ಇರುವ ಒಂದು ಲಕ್ಷಣ ಇಲ್ಲ, ಆದರೂ ಒಂದೇ ಮನೆಯವರು ಅಂತ ಗೊತ್ತಾಗುತ್ತೆ.

ಬರ್ನಾರ್ಡ್ ಸೂಟ್ಸ್ ಇದನ್ನ ಒಪ್ಪಲಿಲ್ಲ. 1978ರಲ್ಲಿ ಅವನು ಕೊಟ್ಟ ವ್ಯಾಖ್ಯೆ ಹೆಚ್ಚುಕಡಿಮೆ ಹೀಗಿದೆ: ಬೇಡದ ಅಡ್ಡಿಗಳನ್ನ ಇಷ್ಟಪಟ್ಟು ಮೈಮೇಲೆ ಹಾಕಿಕೊಂಡು ದಾಟೋದೇ ಆಟ. ಕುಂಟೆಬಿಲ್ಲೆ ನೆನಪು ಮಾಡ್ಕೊಳ್ಳಿ. ಎರಡು ಕಾಲು ಗಟ್ಟಿಯಾಗಿದ್ದರೂ ಒಂಟಿ ಕಾಲಲ್ಲಿ ಯಾಕೆ ಕುಂಟಬೇಕು? ಕುಂಟದಿದ್ದರೆ ಆಟವೇ ಇಲ್ಲವಲ್ಲ, ಅದಕ್ಕೆ. ಈ ವ್ಯಾಖ್ಯೆಯಲ್ಲಿ ನನಗೆ ಮುಖ್ಯ ಅನ್ನಿಸೋದು 'ಇಷ್ಟಪಟ್ಟು' ಅನ್ನೋ ಮಾತು.

ಇನ್ನು ವಿಂಗಡಣೆ. ಫ್ರಾನ್ಸಿನ ರೋಜೆ ಕಯ್ವಾ 1958ರಲ್ಲಿ ಆಟಗಳನ್ನ ನಾಲ್ಕು ಗುಂಪು ಮಾಡಿದ: ಪೈಪೋಟಿ, ಅದೃಷ್ಟ, ವೇಷ, ತಲೆಸುತ್ತು. ಚೆಸ್ಸು, ಲಾಟರಿ, ಮಕ್ಕಳ ಅಡುಗೆ ಆಟ, ಜಾತ್ರೆಯ ತೊಟ್ಟಿಲು ಅಂತ ಒಂದೊಂದಕ್ಕೆ ಒಂದೊಂದು ಉದಾಹರಣೆ ಇಟ್ಟುಕೊಳ್ಳಬಹುದು. ಆದರೆ ಚೌಕಾಬಾರ ಎಲ್ಲಿ ಹಾಕ್ತೀರಿ? ಕವಡೆ ಎಷ್ಟು ಬೀಳುತ್ತೆ ಅನ್ನೋದು ಅದೃಷ್ಟ, ಯಾವ ಕಾಯಿ ನಡೆಸಬೇಕು ಅನ್ನೋದು ತಲೆ.

ಇದು ಬರೀ ತತ್ತ್ವಶಾಸ್ತ್ರದ ಚರ್ಚೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ದೇಶದಲ್ಲಿ ಈ ವಿಂಗಡಣೆಯ ಮೇಲೆ ಜನರ ಸಂಬಳ ನಿಂತಿದೆ. ಎಲೆಗಳನ್ನ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅಂತ ಯೋಚಿಸಬೇಕು, ಹಾಗಾಗಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. 1996ರಲ್ಲಿ ಕುದುರೆ ರೇಸಿಗೂ ಅದೇ ಮಾತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಲ್ಲಿಸೋಕೆ ಕರ್ನಾಟಕ 2021ರಲ್ಲಿ ಕಾನೂನು ತಿದ್ದಿದಾಗ, ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನ ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಬೇರೆಯೇ ಗೆರೆ ಎಳೆಯಿತು: ಇ-ಸ್ಪೋರ್ಟ್ಸ್, ಸೋಷಿಯಲ್ ಗೇಮ್, ಮನಿ ಗೇಮ್. ಆನ್‌ಲೈನ್‌ನಲ್ಲಿ ದುಡ್ಡು ಪಣಕ್ಕಿಟ್ಟು ಆಡುವ ಆಟ ಕೌಶಲದ್ದೋ ಅದೃಷ್ಟದ್ದೋ ಅಂತ ಈಗ ಕೇಳೋ ಹಾಗಿಲ್ಲ, ಎರಡೂ ಒಂದೇ.

ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆಯೇ ನನಗೆ ವಿಚಿತ್ರ ಅನ್ನಿಸುತ್ತೆ. ಅದು ಗೆದ್ದವನು ಹೇಗೆ ಗೆದ್ದ ಅಂತ ಕೇಳುತ್ತೆ, ಸೋತವನಿಗೆ ಏನಾಯ್ತು ಅಂತ ಕೇಳಲ್ಲ. ಹಾವು ಏಣಿಯಷ್ಟು ಶುದ್ಧ ಅದೃಷ್ಟದ ಆಟ ಇನ್ನೊಂದಿಲ್ಲ, ಆದರೆ ಅದನ್ನ ಆಡಿ ಮನೆ ಮಾರಿಕೊಂಡವರನ್ನ ನಾನಂತೂ ಕಂಡಿಲ್ಲ.

ಮಹಾಭಾರತದ ಜೂಜಿನ ಸಭೆಯನ್ನೇ ತಗೊಳ್ಳಿ. ಶಕುನಿ ದಾಳದಲ್ಲಿ ಪಳಗಿದವನು. ಅವನ ಮಟ್ಟಿಗೆ ಅದು ಕೌಶಲದ ಆಟವೇ ಅಂತ ಇವತ್ತಿನ ವಕೀಲರು ವಾದ ಮಾಡಬಹುದು. ಆದರೆ ಅಲ್ಲಿ ಕೆಟ್ಟಿದ್ದು ಬೇರೆ ಎರಡು. ಒಂದು, ಕರೆದರೆ ಒಲ್ಲೆ ಅನ್ನುವಂತಿಲ್ಲ ಅಂತ ಧರ್ಮರಾಯ ತನ್ನನ್ನ ತಾನೇ ಕಟ್ಟಿಹಾಕಿಕೊಂಡಿದ್ದ. ಸೂಟ್ಸ್ ಹೇಳುವ 'ಇಷ್ಟಪಟ್ಟು' ಅಲ್ಲಿಗೇ ಹೋಯ್ತು. ಎರಡು, ತಮ್ಮಂದಿರನ್ನ, ಕೊನೆಗೆ ದ್ರೌಪದಿಯನ್ನ ಪಣಕ್ಕಿಟ್ಟ. ಅವಳು ಆ ಸಭೆಯಲ್ಲೇ ಇರಲಿಲ್ಲ. ಮೊದಲು ತನ್ನನ್ನ ಸೋತನೋ, ನನ್ನನ್ನ ಸೋತನೋ ಅಂತ ಅವಳು ಕೇಳಿದ್ದು ಆಟದ ನಿಯಮದ ಪ್ರಶ್ನೆ. ಭೀಷ್ಮನಂಥವನು ಧರ್ಮ ಸೂಕ್ಷ್ಮ ಅಂದುಬಿಟ್ಟ.

ಚಿಕ್ಕವರಿದ್ದಾಗ ಸಣ್ಣ ತಮ್ಮನೋ ತಂಗಿಯೋ ಹಟ ಮಾಡಿದರೆ "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಳ್ತಿದ್ವಲ್ಲ? ಅವರು ಓಡಬಹುದು, ಕಿರುಚಬಹುದು, ಔಟ್ ಆಗಲ್ಲ. ಆಟದ ದಯೆ ಅಂದ್ರೆ ಅದು. ದ್ರೌಪದಿಯದು ತಿರುಗಾಮುರುಗಾ: ಲೆಕ್ಕಕ್ಕುಂಟು, ಆಟಕ್ಕಿಲ್ಲ. ಗಂಡ ಬಾತ್‌ರೂಮಿನಲ್ಲಿ ಕೂತು ಫೋನಿನಲ್ಲಿ ರಮ್ಮಿ ಆಡುತ್ತಿದ್ದರೆ ಹೊರಗಿರುವ ಹೆಂಡತಿ, ಶಾಲೆ ಫೀಸು ಕಟ್ಟಬೇಕಾದ ಮಗು, ಎಲ್ಲರದೂ ಅದೇ ಪಾಡು.

ಹಾಗಂತ ದುಡ್ಡು ಬಂದ ಕೂಡಲೇ ಎಲ್ಲ ಕೆಟ್ಟಿತು ಅನ್ನೋಕೂ ಆಗಲ್ಲ. ಎಂಟ್ರಿ ಫೀ ಕಟ್ಟಿ ಚೆಸ್ ಟೂರ್ನಮೆಂಟ್ ಆಡುವ ಹುಡುಗಿ ಜೂಜುಗಾರ್ತಿ ಅಲ್ಲ. ಹಾಗೇ ಬಿಡಿಗಾಸೂ ಕೇಳದ ಆಟ, ಒಂದು ದಿನ ತಪ್ಪಿದರೆ ಇನ್ನೂರು ದಿನದ ಸ್ಟ್ರೀಕ್ ಹೋಗುತ್ತೆ ಅಂತ ನಡುರಾತ್ರಿ ಎಬ್ಬಿಸಬಹುದು. ಹಾಗಾಗಿ ನಾನು ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಬೇಕೆಂದಾಗ ಎದ್ದು ಹೋಗಬಹುದಾ? ಆಡದೇ ಇರುವವರ ತಲೆಗೆ ಸೋಲು ಬರುತ್ತಾ?

ಈ ಪ್ರಶ್ನೆಗಳು ಕೋರ್ಟಿಗೆ ಸಾಕಾಗಲಿಕ್ಕಿಲ್ಲ. ಆದರೆ ಆಫೀಸಿಗೆ ಚೆನ್ನಾಗಿ ಒಪ್ಪುತ್ತವೆ. ಲೀಡರ್‌ಬೋರ್ಡ್ ಹಾಕಿ, ಪಾಯಿಂಟು ಬ್ಯಾಡ್ಜು ಕೊಟ್ಟು, "ಸುಮ್ನೆ ಮಜಾಕ್ಕೆ, ಗೇಮ್ ಥರಾ ತಗೊಳ್ಳಿ" ಅಂತಾರಲ್ಲ ಮ್ಯಾನೇಜರು, ಮುಂದಿನ ಸಲ ನಯವಾಗಿ ಕೇಳಿ ನೋಡಿ: "ನಾನು ಆಡಲ್ಲ ಅಂದ್ರೆ ಅಪ್ರೈಸಲ್‌ನಲ್ಲಿ ಏನಾಗುತ್ತೆ ಸರ್?"