ಮೊದಲು ಲೈಸೆನ್ಸ್ ತಗೊಂಡ ರೈತ

ಸೆರೆ ಹೊಗಳಾಕ ಇದನ್ನ ಬರೀತಿಲ್ರಿ. ಒಬ್ಬ ರೈತನ ಕಥಿ ನನ್ನ ತಲ್ಯಾಗ ಕುಂತೈತಿ, ಅದಕ್ಕ ಬರೀತೀನಿ.

ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಗ್ಲೆನ್‌ಲಿವೆಟ್ ಅನ್ನೋ ಕಣಿವಿ ಐತಿ. ಇನ್ನೂರು ವರ್ಷದ ಹಿಂದ ಅಲ್ಲಿ ಕಳ್ಳಭಟ್ಟಿಗಳೇ ಹೆಚ್ಚು. ರೈತರು ಜವೆಗೋದಿಯಿಂದ ವಿಸ್ಕಿ ಇಳಿಸಿ, ಕುದುರಿ ಮ್ಯಾಲೆ ಹೇರಿ, ಗುಡ್ಡ ದಾಟಿಸಿ ಮಾರತಿದ್ರು. ಆ ರೊಕ್ಕದಾಗ ಹೊಲದ ಗೇಣಿ ಕಟ್ಟತಿದ್ರು. 1822ರಲ್ಲಿ ನಾಲ್ಕನೇ ಜಾರ್ಜ್ ರಾಜ ಎಡಿನ್‌ಬರೋಕ್ಕೆ ಬಂದಾಗ ಇದೇ ಗ್ಲೆನ್‌ಲಿವೆಟ್ ವಿಸ್ಕಿ ಬೇಕಂದನಂತ. ಕಾಯ್ದೆ ನಡಿಯೋದು ರಾಜನ ಹೆಸರಿನಾಗ, ರಾಜಗ ರುಚಿ ಹತ್ತಿದ್ದು ಕಳ್ಳಮಾಲು!

1823ರಲ್ಲಿ ಹೊಸ ಕಾಯ್ದೆ ಬಂತು. ವರ್ಷಕ್ಕ 10 ಪೌಂಡ್ ಲೈಸೆನ್ಸಿಗೆ, ಇಳಿಸಿದ್ದಕ್ಕ ಸುಂಕ ಬ್ಯಾರೆ. ಜಾರ್ಜ್ ಸ್ಮಿತ್ ಅನ್ನೋ ರೈತ 1824ರಲ್ಲಿ ಆ ಕಣಿವಿಯಾಗ ಎಲ್ಲರಿಗಿಂತ ಮೊದಲು ಲೈಸೆನ್ಸ್ ತಗೊಂಡ. ಅಲ್ಲೀತನಕ ಅಂವನೂ ಕಳ್ಳಭಟ್ಟಿಯವನೇ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತ ನೆರೆಯವರು ಸಿಟ್ಟಾದ್ರು. ಭಟ್ಟಿ ಸುಡತೀವಿ, ನಿನ್ನೂ ಅದರಾಗ ಸುಡತೀವಿ ಅಂದ್ರು. ಅಬರ್ಲೋರಿನ ಜಮೀನ್ದಾರ ಅವಗ ಎರಡು ಪಿಸ್ತೂಲು ಕೊಟ್ಟ. ಸ್ಮಿತ್ ಅವನ್ನ ಬಹಳ ವರ್ಷ ಜೋಡಿಗೆ ಇಟ್ಕೊಂಡ.

ತಪ್ಪು ಯಾರದು? ಸುಡತೀವಿ ಅಂದವರದು, ಖರೆ. ಆದರ ಅವರ ಸಿಟ್ಟಿನಾಗ ಅಂಜಿಕಿನೂ ಇತ್ತು. ಹತ್ತು ಮಂದಿ ಕತ್ತಲದಾಗ ಇದ್ದಾಗ ಒಬ್ಬ ದೀಪ ಹಚ್ಚಿದರ, ಉಳಿದವರ ಮಾರಿನೂ ಕಾಣತಾವು.

ಇನ್ನೊಂದು ಮಾತು. ಸ್ಮಿತ್‌ನ ಹೊಲದ ಧಣಿ ಗಾರ್ಡನ್ ಡ್ಯೂಕ್. ಪಾರ್ಲಿಮೆಂಟಿನಾಗ ಈ ಕಾಯ್ದೆ ಪರವಾಗಿ ವಾದ ಮಾಡಿದಾಂವ ಅಂವನೇ. ಸ್ಮಿತ್‌ನ ಧೈರ್ಯ ಸಣ್ಣದಲ್ಲ, ಆದರ ಧೈರ್ಯದ ಹಿಂದ ಒಂದು ಆಸರಾನೂ ಇತ್ತು. ಆಸರಾ ಇಲ್ಲದ ಸಣ್ಣ ರೈತ 10 ಪೌಂಡ್ ಎಲ್ಲಿಂದ ತರಬೇಕು? ಸರಳ ನಡಿಯಾಕೂ ಗಂಟಿನಾಗ ನಾಕು ದುಡ್ಡು ಬೇಕು ಅನ್ನೋದನ್ನ ಕಾಯ್ದೆ ಬರಿಯೋರು ಮರೀತಾರ.

ಸ್ಮಿತ್ 1871ರಲ್ಲಿ ತೀರಿಕೊಂಡ. ಆಮ್ಯಾಲೆ ಸುತ್ತಿನ ಭಟ್ಟಿಯವರು ತಮ್ಮ ಮಾಲಿಗೂ ಗ್ಲೆನ್‌ಲಿವೆಟ್ ಅಂತ ಹೆಸರು ಹಚ್ಚಿದ್ರು. ವ್ಯಾಜ್ಯ ಆತು. 1884ರಲ್ಲಿ ತೀರ್ಮಾನ ಆತು: ಬರೇ ಆ ಹೆಸರು ಸ್ಮಿತ್ ಮನೆತನದ್ದು, ಉಳಿದವರು ತಮ್ಮ ಹೆಸರಿನ ಬೆನ್ನಿಗೆ ಅದನ್ನ ಜೋಡಿಸಬಹುದು. ಒಂದು ಕಾಲಕ್ಕ ಸುಡಾಕ ಹೊಂಟಿದ್ದ ಭಟ್ಟಿಯ ಹೆಸರು, ಮುಂದ ಎಲ್ಲಾರಿಗೂ ಬೇಕಾತು.

ಮೊದಲು ಸರಳ ನಡೆದವನನ್ನ ದ್ರೋಹಿ ಅನಬಾರದು. ಹಿಂದ ಉಳಿದವನನ್ನ ಕಳ್ಳ ಅನ್ನೂ ಮೊದಲು, ಅವನ ಬೆನ್ನಿಗೆ ಯಾರಿದ್ರು ಅಂತ ಕೇಳಬೇಕು.